ಹಲ್ಲು ಬಿದ್ದ ಚಕ್ರ

ಹಚ್ಚೊಳ್ಳಿಯಲ್ಲಿ ಈಗ ಕಾರುಗಳಿಗೇನೂ ಕೊರತೆಯಿಲ್ಲ. ಆದರೂ ಭತ್ತದ ಗದ್ದೆಗಳ ನಡುವೆ ನಮ್ಮ ಸಣ್ಣಪ್ಪನ ಅಂಬಾಸಿಡರ್ ಬಂತೆಂದರೆ ನಾಟಿ ಮಾಡುವವರೂ ಸೊಂಟ ನೆಟ್ಟಗೆ ಮಾಡಿ ನೋಡುತ್ತಾರೆ. ಮಾರಿಸ್ ಆಕ್ಸ್‌ಫರ್ಡ್ ವಂಶದ, 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಗಾಡಿ. ಸಣ್ಣಪ್ಪನದು 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್ನು. ಡಿಸ್ಟ್ರಿಬ್ಯೂಟರ್ ಶಾಫ್ಟು ಸವೆದು ಆಡುತ್ತಿತ್ತು. ಅದು ಆಡಿದರೆ ಪಾಯಿಂಟಿನ ಗ್ಯಾಪೂ ಆಡುತ್ತದೆ, ಕಿಡಿ ಒಮ್ಮೆ ಬೇಗ, ಒಮ್ಮೆ ತಡ.

ಕಿಡಿಯ ಲೆಕ್ಕವನ್ನು ನೇರ ಕ್ರ್ಯಾಂಕಿಗೇ ಒಪ್ಪಿಸೋಣ ಎಂದಾಯಿತು. ಪುಲ್ಲಿಯ ಮುಂದೆ ಉಕ್ಕಿನ ಚಕ್ರ, ಅದಕ್ಕೆದುರಾಗಿ ಸೆನ್ಸರು. ಚಕ್ರದಲ್ಲಿ 36 ಹಲ್ಲಿಗೆ ಜಾಗ, ಇರುವುದು 35. ಆ ಬೋಳು ಜಾಗ ದಾಟಿದಾಗಲೇ ಪಿಸ್ಟನ್ ಎಲ್ಲಿದೆಯೆಂದು ಇಗ್ನಿಷನ್ ಪೆಟ್ಟಿಗೆಗೆ ತಿಳಿಯುವುದು. ಮಿಕ್ಕಿದ್ದು ಹಲ್ಲಿಗೆ 10 ಡಿಗ್ರಿಯ ಎಣಿಕೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಆ ಬೋಳು ಸೆಕೆಂಡಿಗೆ 50 ಸಲ ಹಾದುಹೋಗುತ್ತದೆ. ಸಣ್ಣಪ್ಪ ಚಕ್ರ ತಿರುವಿ ನೋಡಿ, "ಹೊಸಾ ಸಾಮಾನಿಗೆ ಆಗ್ಲೇ ಹಲ್ಲು ಬಿದ್ದೈತಲ್ಲೋ!" ಎಂದ.

ಅವನದು ಒಂದೇ ಹಟ: ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವುದು ತಪ್ಪಬಾರದು. ಹಾಗಾಗಿ ಚಕ್ರದ ನಡುವೆ ಹ್ಯಾಂಡಲ್ ಹೋಗುವಷ್ಟು ತೂತು. ಸೆನ್ಸರ್ ಆರಿಸಿದ್ದೂ ಈ ಹಟಕ್ಕೇ. ಬರೀ ಸುರುಳಿ, ಅಯಸ್ಕಾಂತದ ಸೆನ್ಸರಿನ ವೋಲ್ಟೇಜು ವೇಗಕ್ಕೆ ತಕ್ಕಂತೆ ಏರುವಂಥದ್ದು. ಕೈಯಿಂದ ತಿರುಗಿಸಿದರೆ ಸದ್ದೇ ಸಾಲದು. ಹಾಲ್ ಸೆನ್ಸರಿಗೆ ವೇಗದ ಹಂಗಿಲ್ಲ, ಬ್ಯಾಟರಿಯಲ್ಲಿ ಒಂದಿಷ್ಟು ಜೀವವಿದ್ದರೆ ಸಾಕು.

ಸಿರುಗುಪ್ಪದಿಂದ ಬಂದ ಮೆಕ್ಯಾನಿಕ್ ಕೆಲಸವೇ ನೋಡುವಂತಿತ್ತು. ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಸೈಕಲ್ ಕಡ್ಡಿ ಇಳಿಸಿದ. ಪಿಸ್ಟನ್ ತುತ್ತತುದಿಯಲ್ಲಿ ಒಂದು ಗಳಿಗೆ ನಿಂತಂತೆ ಇರುತ್ತದಾದ್ದರಿಂದ ಕಣ್ಣಳತೆ ನಂಬುವ ಹಾಗಿಲ್ಲ. ಕಡ್ಡಿ ಮೇಲೇರುವಾಗ ಒಂದು ಎತ್ತರಕ್ಕೆ, ಇಳಿಯುವಾಗ ಅದೇ ಎತ್ತರಕ್ಕೆ, ಪುಲ್ಲಿಯ ಮೇಲೆ ಎರಡು ಸೀಮೆಸುಣ್ಣದ ಗೆರೆ ಎಳೆದ. ಎರಡರ ನಟ್ಟನಡುವೆ ನಿಜವಾದ ತುದಿ! ಆಮೇಲೆ ಫೀಲರ್ ಗೇಜ್ ತೂರಿಸಿ ಹಲ್ಲಿಗೂ ಸೆನ್ಸರಿಗೂ ಸುಮಾರು ಒಂದು ಮಿಲಿಮೀಟರ್ ಸಂದು ಬಿಟ್ಟ. ಸೆನ್ಸರಿನ ವೈರನ್ನು ಪ್ಲಗ್ ವೈರುಗಳ ಹತ್ತಿರ ಸುಳಿಯಗೊಡಲಿಲ್ಲ. ಅವುಗಳ ಕಿಡಿಯ ಗಲಾಟೆಯನ್ನೇ ಹಲ್ಲೆಂದು ಎಣಿಸಿಬಿಟ್ಟರೆ ಕಥೆ ಮುಗಿಯಿತು.

ಗಾಡಿ ಮೊದಲ ಏಟಿಗೇ ಎದ್ದಿತು. ಸಣ್ಣಪ್ಪನಿಗೆ ಖುಷಿಯಾದರೂ ಒಪ್ಪಿಕೊಳ್ಳುವ ಗಂಡಲ್ಲ. "ಪಾಯಿಂಟ್ ಕರಗಾದ್ರೆ ಬೆಂಕಿಪೊಟ್ಣಕ್ಕೆ ಉಜ್ಜಿ ಹೊಂಟುಬಿಡ್ತಿದ್ದೆ. ಇದು ಕೆಟ್ರೆ ಹಚ್ಚೊಳ್ಳ್ಯಾಗ ಯಾರು ನೋಡ್ತಾರ?"

ಪ್ರಶ್ನೆ ನ್ಯಾಯವಾದದ್ದೇ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಹೇಳಿದ: "ಇನ್ನೊಂದು ಸೆನ್ಸರ್ ತಂದಿಟ್ಕೋರಿ ಯಜಮಾನ್ರ. ಅಂಬಾಸಿಡರ್ ಡಿಕ್ಕ್ಯಾಗ ಜಾಗಕ್ಕೇನ್ ಕಮ್ಮಿ?"