ರಾಮನಗರ ಸೀಮೆಯಲ್ಲಿ ಎರಡು ದಿನ

ಯಾತ್ರೆಯೆಂದರೆ ಕಾಶಿಗೋ ರಾಮೇಶ್ವರಕ್ಕೋ ಹೋಗಿಬರುವುದೆಂದು ನಮ್ಮ ಹಿರಿಯರು ತಿಳಿದಿದ್ದರು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಬೆಳಗ್ಗೆ ಹೊರಟರೆ ದೀಪ ಹಚ್ಚುವ ವೇಳೆಗೆ ಮನೆ ಸೇರಬಹುದಾದ ಊರುಗಳನ್ನೇ ಕಣ್ತೆರೆದು ನೋಡದೆ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾದೆವೆಂಬ ಸಂಗತಿಯು ಕಳೆದ ಮಾಘಮಾಸದಲ್ಲಿ ನಮಗೆ ಅರಿವಾಯಿತು. ಅರಿವು ಮಾಡಿಸಿದವಳು ನಮ್ಮ ಕಿರಿಯ ಮಗಳು.

ಆಕೆಯು ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ರಾಷ್ಟ್ರೀಯ ಸೇವಾ ಯೋಜನೆಯ ದಳಕ್ಕೆ ಸೇರಿದವಳು. ಮಹಾತ್ಮರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆಯನ್ನು ನಾವು ಬೀದಿ ಗುಡಿಸುವ ಶಿಬಿರವೆಂದಷ್ಟೇ ಬಲ್ಲೆವು. ಮಗಳೂ ಅವಳ ನಾಲ್ವರು ಒಡನಾಡಿಗಳೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ನೀರನ್ನೂ ಮರಗಳನ್ನೂ ನೋಡಿ ಬರೆದುಕೊಂಡು ಬರಬೇಕೆಂದು ನಿಶ್ಚಯಿಸಿದ್ದರು. "ದೊಡ್ಡವರೊಬ್ಬರು ಜೊತೆಗಿದ್ದರೆ ಇವರ ಅಮ್ಮಂದಿರಿಗೆ ಧೈರ್ಯ, ಅಪ್ಪ. ನೀವು ಬನ್ನಿ" ಎಂದಳು. ಪರೀಕ್ಷೆ ಸಮೀಪಿಸಿದೆಯೆಂದು ನಾವು ಎರಡು ಬಾರಿ ಹೇಳಿ ನೋಡಿದೆವು. ಮೂರನೆಯ ಬಾರಿಗೆ ಕೊಡೆಯನ್ನು ತೆಗೆದುಕೊಂಡು ಹೊರಟೆವು.

ವಾಚಕರಲ್ಲಿ ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಮಾಗಡಿ ಸೀಮೆಯ ನಮ್ಮ ಹಳ್ಳಿಯ ಕೆರೆಗೆ ಗುಡ್ಡದ ಕಡೆಯಿಂದ ನೀರು ತರುತ್ತಿದ್ದ ಹಳ್ಳವನ್ನು ಮೂರು ವರ್ಷಗಳ ಹಿಂದೆ ಮಣ್ಣು ತುಂಬಿ ಹೊಲಕ್ಕೆ ಸೇರಿಸಿಕೊಂಡರು. ಸೇರಿಸಿಕೊಂಡವರು ನಮಗೆ ಹತ್ತಿರದ ಬಂಧುಗಳು. ಮದುವೆ ಮುಂಜಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರು. ಆದಕಾರಣ ನಾವು ಮೌನವನ್ನು ವಹಿಸಿದೆವು. ಈ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಬೇಕೆಂದು ಮಗಳು ಹೇಳಿದಾಗ "ನಿನಗೇಕೆ ಮಗು, ಊರಿನ ಉಸಾಬರಿ?" ಎಂದಿದ್ದೆವು. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಆ ಮೌನವನ್ನು ಹೊತ್ತುಕೊಂಡೇ ನಾವು ರಾಮನಗರದ ಬಸ್ಸನ್ನು ಹತ್ತಿದುದು.

ರಾಮನಗರಕ್ಕೆ ಹಿಂದೆ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದರು. 2007ರಲ್ಲಿ ಇದು ಜಿಲ್ಲೆಯ ಕೇಂದ್ರವಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಬಂದಿತು. ಹೆಸರುಗಳು ಬಂದು ಹೋದರೂ ಬಂಡೆಗಳು ಹಾಗೆಯೇ ನಿಂತಿವೆ. ರಾಮದೇವರ ಬೆಟ್ಟದ ಮೆಟ್ಟಿಲುಗಳನ್ನು ನಾವು ಏದುಸಿರು ಬಿಡುತ್ತಾ ಹತ್ತಿದೆವು. ಹುಡುಗರು ಎರಡು ಸಲ ಹತ್ತಿ ಇಳಿದರು. ಸನ್ನಿಧಿಯಲ್ಲಿ ಕೈಮುಗಿದು ಹೊರಬಂದಾಗ, ಎದುರಿನ ಬಂಡೆಯ ಸಂದಿನಿಂದ ಒಂದು ಹಕ್ಕಿಯು ರೆಕ್ಕೆಯನ್ನಲ್ಲಾಡಿಸದೆ ಗಾಳಿಯ ಮೇಲೆ ತೇಲಿತು. ಅದು ಉದ್ದಕೊಕ್ಕಿನ ರಣಹದ್ದು.

ರಾಮನ ಬೆಟ್ಟದಲ್ಲಿ ಜಟಾಯುವಿನ ಕುಲವು ಉಳಿದಿರುವುದು ಉಚಿತವೇ ಸರಿ ಎಂದು ನಾವು ಹೇಳಿದೆವು. ಆಗ ಜೊತೆಗಿದ್ದ ಹುಡುಗನೊಬ್ಬನು, "ಮೇಷ್ಟ್ರೇ, ಉಳಿದಿರುವುದು ಬಹಳ ಸ್ವಲ್ಪ" ಎಂದು ಅದರ ಕಥೆಯನ್ನು ಹೇಳಿದನು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧಿಯು ಸತ್ತ ದನದ ಮಾಂಸದಲ್ಲಿ ಉಳಿಯುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡವು ಕೆಟ್ಟು ಹಕ್ಕಿಯು ಸಾಯುತ್ತದೆ. ಹೀಗೆ ದೇಶದಲ್ಲೆಲ್ಲಾ ರಣಹದ್ದುಗಳು ಅಳಿದುಹೋದ ಮೇಲೆ, 2006ರಲ್ಲಿ ಸರ್ಕಾರವು ದನಗಳಿಗೆ ಆ ಔಷಧಿಯನ್ನು ನಿಷೇಧಿಸಿತು. ಈ ಬೆಟ್ಟವನ್ನು ರಣಹದ್ದುಗಳ ರಕ್ಷಿತ ಧಾಮವೆಂದು 2012ರಲ್ಲಿ ಘೋಷಿಸಿದರು. ನಾವು ಜಟಾಯುವಿನ ಪಾಠವನ್ನು ಎಷ್ಟೋ ಬಾರಿ ಹೇಳಿದ್ದೆವು. ಅವನ ವಂಶಕ್ಕೆ ಬಂದ ಆಪತ್ತನ್ನು ಒಬ್ಬ ಶಿಷ್ಯನಿಗೂ ಹೇಳಿರಲಿಲ್ಲ.

ಬೆಟ್ಟವನ್ನಿಳಿದು ಅರ್ಕಾವತಿಯ ಸೇತುವೆಯ ಮೇಲೆ ನಿಂತೆವು. ನಂದಿಬೆಟ್ಟದಲ್ಲಿ ಹುಟ್ಟಿದ ಈ ನದಿಯು ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ತುಂಬಿ, ಮಂಚನಬೆಲೆಯ ಮಾರ್ಗವಾಗಿ ರಾಮನಗರಕ್ಕೆ ಬಂದು, ಕನಕಪುರವನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. 2022ರ ಆಗಸ್ಟ್ ತಿಂಗಳ ಕೊನೆಯಲ್ಲಿ ಇಲ್ಲಿ ಸುರಿದ ಮಳೆಯನ್ನು ಊರಿನವರು ಇನ್ನೂ ಮರೆತಿಲ್ಲ. ಕೆರೆಗಳು ಉಕ್ಕಿ, ಮನೆಗಳಿಗೆ ನೀರು ನುಗ್ಗಿ, ಬೆಂಗಳೂರು ಮೈಸೂರು ಹೆದ್ದಾರಿಯೇ ಹೊಳೆಯಾಯಿತು. ಮಾರನೆಯ ವರ್ಷ, 2023ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಒಂದು ವರ್ಷ ಪ್ರಳಯ, ಮರುವರ್ಷ ಬರ! ಇದೇನು ವೈಪರೀತ್ಯವೆಂದು ಕೇಳಿದೆವು. ಮಗಳು ಅಡಿಗೆಮನೆಯ ದೃಷ್ಟಾಂತದಿಂದಲೇ ತಿಳಿಸಿದಳು: ಗಾಳಿಯು ಕಾದಷ್ಟೂ ಹೆಚ್ಚು ಹಬೆಯನ್ನು ಹಿಡಿದುಕೊಳ್ಳುತ್ತದೆ; ಒಂದು ಡಿಗ್ರಿ ಏರಿದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು. ಆದುದರಿಂದ ನೆಲದ ತೇವವನ್ನು ಹೀರುವಾಗಲೂ ಬಲವಾಗಿ ಹೀರುತ್ತದೆ, ಸುರಿಸುವಾಗಲೂ ಒಮ್ಮೆಲೇ ಸುರಿಸುತ್ತದೆ. "ಕೆರೆಯಿದ್ದರೆ ಎರಡಕ್ಕೂ ಆಸರೆ, ಅಪ್ಪ. ಹೆಚ್ಚಾದುದನ್ನು ಹಿಡಿಯುತ್ತದೆ, ಇಲ್ಲದಾಗ ಕೊಡುತ್ತದೆ" ಎಂದಳು. ಹಳ್ಳದ ಮಾತನ್ನು ಅವಳು ಎತ್ತಲಿಲ್ಲ. ಎತ್ತದಿದ್ದುದೇ ನಮಗೆ ಹೆಚ್ಚು ಚುಚ್ಚಿತು.

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ಇದೇ ಪ್ರಸ್ತಾಪ ಬಂದಿತು. ಬಿಳಿಯ ಗೂಡು, ಹಳದಿಯ ಗೂಡುಗಳ ರಾಶಿಯ ನಡುವೆ ಕುಳಿತಿದ್ದ ರೈತಮಹಿಳೆಯೊಬ್ಬರು, ಹುಳುವಿನ ಮನೆಗೆ ಬೇಸಗೆಯಲ್ಲಿ ಒದ್ದೆ ಗೋಣಿ ಕಟ್ಟಿ ಕಟ್ಟಿ ಸಾಕಾಯಿತೆಂದರು. ರೇಷ್ಮೆಹುಳುವು ಎಳೆಯ ಮಗುವಿನ ಹಾಗೆ. ಸುಮಾರು 23ರಿಂದ 28 ಡಿಗ್ರಿಯವರೆಗಿನ ಹದವನ್ನು ಬಯಸುತ್ತದೆ. ಅದಕ್ಕೆ ಮೀರಿದರೆ ಸೊಪ್ಪು ತಿನ್ನದು, ಗೂಡು ಗಟ್ಟಿಯಾಗದು, ಬೆಲೆ ಬಾರದು. ಲೋಕದ ಉಷ್ಣವು ಏರಿತೆಂಬ ವಾರ್ತೆಯನ್ನು ನಾವು ಪತ್ರಿಕೆಯಲ್ಲಿ ಓದುತ್ತೇವೆ. ಆ ತಾಯಿಯು ಅದನ್ನು ತಕ್ಕಡಿಯಲ್ಲಿ ಓದುತ್ತಾರೆ.

ಚನ್ನಪಟ್ಟಣವು ಅಲ್ಲಿಂದ ಅರ್ಧಗಂಟೆಯ ದಾರಿಯೂ ಅಲ್ಲ. ಬೊಂಬೆಗಳ ಊರೆಂದು ಪ್ರಸಿದ್ಧವಾದ ಇಲ್ಲಿ ಹಾಲೆ ಅಥವಾ ಆಲೆ ಎಂದು ಕರೆಯುವ ಮರವನ್ನು ಒಣಗಿಸಿ, ಯಂತ್ರಕ್ಕೆ ಕೊಟ್ಟು ತಿರುಗಿಸುತ್ತಾ ಉಳಿಯಿಂದ ಕಡೆದು, ಬಣ್ಣದ ಅರಗನ್ನು ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಟಿಪ್ಪುಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಈ ವಿದ್ಯೆ ಬಂದಿತೆಂದು ಹೇಳುತ್ತಾರೆ. ಮಗುವು ಬಾಯಿಗಿಟ್ಟರೂ ಭಯವಿಲ್ಲದಂತೆ ಅರಿಸಿನ ಮೊದಲಾದವುಗಳ ಬಣ್ಣವನ್ನು ಹಾಕುವ ಕುಶಲಿಗಳು ಇಂದಿಗೂ ಇದ್ದಾರೆ. ಬೊಂಬೆಯೊಂದನ್ನು ಕೊಳ್ಳುತ್ತಾ, ನಿಮ್ಮ ಕಷ್ಟವೇನೆಂದು ಹುಡುಗಿಯೊಬ್ಬಳು ಕೇಳಿದಳು. "ಕೈ ಇದೆ, ಮರ ಸಿಗಬೇಕಲ್ಲ ತಾಯಿ" ಎಂದರು ಆ ಹಿರಿಯ ಕೆಲಸಗಾರರು. ಹುಡುಗಿಯು ತನ್ನ ಪುಸ್ತಕದಲ್ಲಿ ಬರೆದುಕೊಂಡುದನ್ನು ನಾವು ಇಣುಕಿ ನೋಡಿದೆವು: "ನಮ್ಮ ಹೊಲದ ಬದುಗಳಲ್ಲಿ ಆಲೆ ನೆಡಬಹುದೇ? ಸಸಿಗೆ ಅರಣ್ಯ ಇಲಾಖೆಯನ್ನು ಕೇಳುವುದು." ಅಯ್ಯೋ ಎಂದು ಮರುಗಿ ಮುಂದೆ ಹೋಗುವುದು ನಮ್ಮ ಕಾಲದ ರೀತಿ, ಮುಂದೆ ಕೇಳಬೇಕಾದವರು ಯಾರೆಂದು ಬರೆದಿಟ್ಟುಕೊಳ್ಳುವುದು ಇವರ ರೀತಿ.

ಮರುದಿನ ಕನಕಪುರ. ಹಳ್ಳಿಯ ಮಕ್ಕಳಿಗೂ ಉಚ್ಚವಿದ್ಯೆ ದೊರೆಯಲೆಂದು ಎಸ್. ಕರಿಯಪ್ಪನವರು ವಿದ್ಯಾಸಂಸ್ಥೆಯನ್ನು ಕಟ್ಟಿದ ಊರಿದು. ಆದರೆ ಊರಿನ ಹೊಳೆಯ ಸ್ಥಿತಿಯನ್ನು ನೋಡಿ ನಮ್ಮ ಮನಸ್ಸು ಮ್ಲಾನವಾಯಿತು. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತ ವೃಷಭಾವತಿಯು ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಬಂದು, ಅಲ್ಲಿಂದ ಹರಿದು ಕನಕಪುರದ ಕಡೆಯಲ್ಲಿ ಅರ್ಕಾವತಿಗೆ ಸೇರುತ್ತದೆ. ವೃಷಭಾವತಿ! ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ಜನರು ನಂಬುವ ನದಿಯ ಹೆಸರನ್ನು ಇಂದು ಹೇಳುವಾಗ ಮೂಗು ಮುಚ್ಚಿಕೊಳ್ಳಬೇಕಾಗಿದೆ. ಹೊಳೆಯ ದಡದಲ್ಲಿ ಹುಡುಗರು ಗಾಜಿನ ಶೀಶೆಗಳಲ್ಲಿ ನೀರು ತುಂಬಿ, ಸ್ಥಳವನ್ನೂ ವೇಳೆಯನ್ನೂ ಚೀಟಿಯಲ್ಲಿ ಬರೆದು ಅಂಟಿಸಿದರು. "ಇದರಿಂದ ಏನಾದೀತು?" ಎಂದೆವು. "ಮೇಷ್ಟ್ರೇ, ನಾಳೆ ಕಛೇರಿಯಲ್ಲಿ ನೀರು ಚೆನ್ನಾಗಿದೆ ಎಂದರೆ ತೋರಿಸುವುದಕ್ಕಾದೀತು" ಎಂದನು ಒಬ್ಬನು. ಪ್ರತ್ಯಕ್ಷವು ಪ್ರಮಾಣಗಳಲ್ಲಿ ಮೊದಲನೆಯದೆಂದು ತರ್ಕಶಾಸ್ತ್ರದಲ್ಲಿ ಓದಿದ ನಾವು ತಲೆತಗ್ಗಿಸಿದೆವು.

ಕೊನೆಗೆ ಮಾಗಡಿ. ಕೆಂಪೇಗೌಡರ ಊರಿನಲ್ಲಿ ರಂಗನಾಥಸ್ವಾಮಿಯ ದರ್ಶನವನ್ನು ಮಾಡಿ, ಕುದೂರಿನ ಕಡೆಗೆ ಹೊರಟೆವು. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಎರಡು ಪಕ್ಕದಲ್ಲಿ ಆಲದ ಮರಗಳು ಮೇಲೆ ಕೈಕೈ ಹಿಡಿದು ನಿಂತಿವೆ. ಇವು ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ನೆಟ್ಟು ಬೆಳೆಸಿದವು. ಶಾಲೆಗೆ ಹೋಗದ, ಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡಿದ ತಾಯಿ ಆಕೆ. ಮಕ್ಕಳಿಲ್ಲದ ಆ ದಂಪತಿಗಳು ಮೊದಲ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20 ಸಸಿಗಳನ್ನು ನೆಟ್ಟರಂತೆ; ಬಿಂದಿಗೆಗಳಲ್ಲಿ ದೂರದಿಂದ ನೀರು ಹೊತ್ತು ಎರೆದು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರಂತೆ. ಹೀಗೆ 380ಕ್ಕೂ ಹೆಚ್ಚು ಆಲಗಳು ಬೆಳೆದುವು. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. 2025ರ ನವೆಂಬರ್ 14ರಂದು ತೀರಿಕೊಂಡಾಗ ಅವರ ವಯಸ್ಸು 114 ಎಂದು ಪತ್ರಿಕೆಗಳು ಬರೆದವು.

ಹತ್ತು ಮಂದಿ ಮಕ್ಕಳಿಗೆ ಒಂದು ವೃಕ್ಷವು ಸಮಾನವೆಂಬ ಅರ್ಥದ ಮಾತು ಮತ್ಸ್ಯಪುರಾಣದಲ್ಲಿದೆ. ಅದನ್ನು ನಾವು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಬರೆದು, ಸಮಾಸವನ್ನು ಬಿಡಿಸಿ, ಮಕ್ಕಳಿಂದ ಕಂಠಪಾಠ ಮಾಡಿಸಿದ್ದೆವು. ಆದರೆ ನೆಟ್ಟು ಉಳಿಸಿದ ಮರ ನಮ್ಮದೊಂದೂ ಇಲ್ಲ. ಅಕ್ಷರವನ್ನರಿಯದ ತಾಯಿಯು ಆ ಮಾತಿನ ಅರ್ಥವನ್ನು ಮೈಲುಗಟ್ಟಲೆ ರಸ್ತೆಯ ಮೇಲೆ ಬರೆದಿಟ್ಟು ಹೋಗಿದ್ದಾರೆ.

ಹುಡುಗರು ಅಳತೆಯ ಪಟ್ಟಿಯಿಂದ ಒಂದು ಆಲದ ಸುತ್ತಳತೆಯನ್ನು ಹಿಡಿಯುತ್ತಿದ್ದರು. ನಾವು ನೆಳಲಿನಲ್ಲಿ ಕುಳಿತು, "ನೋಡಿದಿರಾ, ಸಭೆ ಅರ್ಜಿಗಳ ಗೋಜಿಲ್ಲದೆ, ತಮ್ಮಷ್ಟಕ್ಕೆ ತಾವು ಮರ ಬೆಳೆಸಿದರು. ನೀವೂ ಹೀಗೆಯೇ ಮಾಡಬಾರದೇ?" ಎಂದೆವು. ನಮ್ಮ ಮೌನಕ್ಕೆ ಒಂದು ಸಮರ್ಥನೆ ಸಿಕ್ಕಿತೆಂದು ಮನಸ್ಸು ಒಳಗೊಳಗೇ ಹಿಗ್ಗಿತ್ತು.

ಮಗಳು ಪಟ್ಟಿಯನ್ನು ಕೆಳಗಿಟ್ಟು ಬಂದು ಕುಳಿತಳು. "ಅಪ್ಪ, 2019ರಲ್ಲಿ ಈ ದಾರಿಯನ್ನು ಅಗಲ ಮಾಡಬೇಕೆಂದು ಹೊರಟಾಗ ಈ ಮರಗಳಿಗೆ ಕೊಡಲಿ ಬೀಳುವುದರಲ್ಲಿತ್ತು. ನೂರು ದಾಟಿದ ತಿಮ್ಮಜ್ಜಿ ಸುಮ್ಮನಿರಲಿಲ್ಲ, ಮುಖ್ಯಮಂತ್ರಿಗಳವರೆಗೂ ಮೊರೆಯಿಟ್ಟರು. ಬೇರೆ ದಾರಿ ನೋಡುತ್ತೇವೆಂದು ಸರ್ಕಾರ ಹೇಳಿತು. ನೀರೆರೆದದ್ದು ಅರ್ಧ ಕೆಲಸ. ಕೇಳಿದ್ದು ಇನ್ನರ್ಧ" ಎಂದಳು.

ನಮಗೆ ಉತ್ತರ ತೋಚಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಆಲೋಚಿಸುತ್ತಾ ಬಂದೆವು. ಸಂವಿಧಾನದ 61ನೆಯ ತಿದ್ದುಪಡಿಯಿಂದ ಹದಿನೆಂಟು ತುಂಬಿದವರಿಗೆ ಮತದ ಹಕ್ಕು ಬಂದಿದೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಇಪ್ಪತ್ತೊಂದಾದರೆ ಪಂಚಾಯತಿಗೆ ನಿಲ್ಲಲೂ ಬಹುದು. ಇನ್ನೂ ಚಿಕ್ಕವರಿಗಾಗಿ ಮಕ್ಕಳ ಗ್ರಾಮಸಭೆಯ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಕೆರೆಗಳ ಒತ್ತುವರಿಯನ್ನು ತಡೆಯಲು 2014ರ ಕಾಯಿದೆಯಿದೆ. ಬಾಗಿಲುಗಳೆಲ್ಲಾ ತೆರೆದೇ ಇವೆ. ಹೊಸ್ತಿಲಿನ ಮೇಲೆ ಕುಳಿತು ದಾರಿ ಕಟ್ಟಿರುವವರು ನಮ್ಮಂಥ ಹಿರಿಯರು. ಕಿರಿಯರಿಗೆ ಸಸಿಯನ್ನು ಕೊಟ್ಟು ಭಾವಚಿತ್ರ ತೆಗೆಸುತ್ತೇವೆ. ಪ್ರಶ್ನೆ ಕೇಳಿದರೆ ಪರೀಕ್ಷೆಯ ನೆಪ ಹೇಳುತ್ತೇವೆ. ಮುಂದಿನ ಐವತ್ತು ವರ್ಷದ ಬಿಸಿಲನ್ನು ಉಣ್ಣಬೇಕಾದವರು ಅವರು. ಹಳ್ಳ ಯಾರ ಹೊಲಕ್ಕೆ ಸೇರಬೇಕೆಂದು ನಿಶ್ಚಯಿಸುವವರು ಮಾತ್ರ ನಾವು. ಇದು ಯಾವ ಧರ್ಮ?

ಆ ರಾತ್ರಿ ಊಟವಾದ ಮೇಲೆ ಐವರೂ ನಮ್ಮ ಜಗುಲಿಯಲ್ಲಿ ಕುಳಿತು ಗ್ರಾಮಸಭೆಗೆ ಕೊಡುವ ಅರ್ಜಿಯನ್ನು ಸಿದ್ಧಮಾಡುತ್ತಿದ್ದರು. ಹಳ್ಳವು ಎಲ್ಲಿಂದ ಎಲ್ಲಿಯವರೆಗೆ ಹರಿಯುತ್ತಿತ್ತು, ಕೋಡಿ ಬಿದ್ದದ್ದು ಯಾವ ವರ್ಷ ಕೊನೆ, ಯಾವ ಬಾವಿಗಳು ಬತ್ತಿದುವು, ಇವೆಲ್ಲವೂ ಅವರ ಪುಸ್ತಕದಲ್ಲಿದ್ದುವು. ಹಳ್ಳದ ಹಳೆಯ ಗುರುತನ್ನು ಬಲ್ಲ ಹಿರಿಯರೊಬ್ಬರ ಸಾಕ್ಷಿ ಮಾತ್ರ ಬೇಕಾಗಿತ್ತು. ಯಾರೂ ನಮ್ಮ ಕಡೆಗೆ ನೋಡಲಿಲ್ಲ.

ನಾವು ಒಳಗೆ ಹೋಗಿ ಕನ್ನಡಕವನ್ನೂ ಲೇಖನಿಯನ್ನೂ ತಂದು, "ನಿಮ್ಮ ಅಕ್ಷರ ಕಾಗೆಯ ಕಾಲು. ನೀವು ಹೇಳಿ, ನಾವು ಬರೆಯುತ್ತೇವೆ" ಎಂದೆವು. ಮೂವತ್ತನಾಲ್ಕು ವರ್ಷ ಉಕ್ತಲೇಖನವನ್ನು ಹೇಳಿ ಬರೆಯಿಸಿದ ನಾವು ಅಂದು ಮಕ್ಕಳು ಹೇಳಿದುದನ್ನು ಬರೆದೆವು. ಎರಡು ಕಡೆ ವಿಭಕ್ತಿಯನ್ನು ತಿದ್ದಿದೆವಲ್ಲದೆ ಒಂದು ವಿಷಯವನ್ನೂ ತಿದ್ದಲಿಲ್ಲ. ಸಾಕ್ಷಿಯೆಂದಿರುವಲ್ಲಿ ನಮ್ಮ ರುಜುವನ್ನು ಹಾಕಿದೆವು. ಮಗಳು ನಮ್ಮನ್ನು ನೋಡಿ, "ಬೆಳಗ್ಗೆ ದೊಡ್ಡಪ್ಪನವರ ಮನೆಗೆ ನಾನೂ ಬರುತ್ತೇನೆ ಅಪ್ಪ. ಸಭೆಗೆ ಮೊದಲು ಅವರಿಗೇ ಹೇಳಿಬಿಡೋಣ" ಎಂದಳು.

ಬಂಧುಗಳು ಕೋಪಿಸಿಕೊಳ್ಳಬಹುದು, ಮುಂದಿನ ಮದುವೆಯಲ್ಲಿ ಪಂಕ್ತಿಯು ಬೇರೆಯಾಗಬಹುದು. ಸಭೆಯು ಇನ್ನೂ ನಡೆಯಬೇಕಾಗಿದೆ. ಹಳ್ಳವು ಬಿಡುಗಡೆಯಾಗುವುದೋ ಇಲ್ಲವೋ ಹೇಳಲಾರೆವು. ಆದರೆ ಮನೆಯಲ್ಲಿ ಮಾತು ಮರಳಿ ಬಂದಿದೆ. ವಾಚಕರ ಮನೆಯಲ್ಲಿಯೂ ಇಂತಹ ಪುಸ್ತಕವೊಂದನ್ನು ಹಿಡಿದ ಮಗನೋ ಮಗಳೋ ಇದ್ದರೆ, ಒಮ್ಮೆ ಅವರೊಡನೆ ಬಸ್ಸು ಹತ್ತಿರಿ ಎಂದು ವಿಜ್ಞಾಪಿಸಿಕೊಳ್ಳುತ್ತೇವೆ.