ಬೋಳು ಇಲಿಯಿಂದ ಈಚೆಗೆ

ತೊಂಬತ್ತರ ದಶಕದ ಮೊದಲಲ್ಲಿ ನಾನು ಲ್ಯಾಬ್ ಸೇರಿದಾಗ ಕ್ಯಾನ್ಸರ್ ಎಂದರೆ ನಮಗೆ ಫ್ಲಾಸ್ಕು. ಯಾವುದೋ ದೇಶದ ಯಾರೋ ರೋಗಿಯಿಂದ ಎಂದೋ ತೆಗೆದ ಜೀವಕೋಶಗಳು ಪ್ಲಾಸ್ಟಿಕ್ಕಿನಲ್ಲೇ ಬೆಳೆಯುತ್ತ ಅಲ್ಲಿಗೇ ಒಗ್ಗಿಹೋಗಿದ್ದವು. ಅವನ್ನೇ ಸಿರಿಂಜಿಗೆಳೆದು ಬೋಳು ಇಲಿಯ ಪಕ್ಕೆಗೆ ಚುಚ್ಚುತ್ತಿದ್ದೆವು. ಕೆಲವೇ ವಾರದಲ್ಲಿ ಗಡ್ಡೆ ಏಳುತ್ತಿತ್ತು, ಔಷಧ ಕೊಟ್ಟರೆ ವಿಧೇಯವಾಗಿ ಕರಗುತ್ತಿತ್ತು. ಅಂಥ ಔಷಧಗಳಲ್ಲಿ ಹೆಚ್ಚಿನವು ಮನುಷ್ಯರ ಮುಂದೆ ಸೋಲುತ್ತಿದ್ದವು.

ಬೋಳು ಇಲಿ 1962ರಲ್ಲಿ ಗ್ಲಾಸ್ಗೋದಲ್ಲಿ ತಾನಾಗಿ ಕಾಣಿಸಿಕೊಂಡದ್ದು. ಅದಕ್ಕೆ ರೋಗನಿರೋಧಕ ಟಿ ಕೋಶಗಳನ್ನು ಬೆಳೆಸುವ ಥೈಮಸ್ ಗ್ರಂಥಿಯೂ ಇಲ್ಲವೆಂದು ಪ್ರಕಟವಾದದ್ದು 1968ರಲ್ಲಿ. ಮರುವರ್ಷವೇ ಡೆನ್ಮಾರ್ಕಿನ ರಿಗಾರ್ಡ್ ಮತ್ತು ಪೊವ್ಲ್‌ಸೆನ್, ರೋಗಿಯೊಬ್ಬರ ದೊಡ್ಡ ಕರುಳಿನ ಗಡ್ಡೆಯ ತುಣುಕನ್ನು ನೇರವಾಗಿ ಅದರ ಚರ್ಮದಡಿ ಬೆಳೆಸಿ ತೋರಿಸಿದರು. ಈಗ ನಾವು ಹೊಸದೆಂದು ಬೀಗುವ ದಾರಿ ಅದೇ. ನಡುವೆ ಫ್ಲಾಸ್ಕಿನ ಸಲೀಸು ಅದನ್ನು ಮರೆಸಿತ್ತು, ಅಷ್ಟೆ. 1990ರಿಂದ ಇಂಥ ಫ್ಲಾಸ್ಕಿನ ಕೋಶಗಳ 60 ಸೆಲ್ ಲೈನುಗಳ ಮೇಲೆ ಔಷಧ ಸೋಸುತ್ತಿದ್ದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ 2016ರಲ್ಲಿ ಈ ಕಡೆ ಹೊರಳಿತು.

ಈಗ ಆಪರೇಷನ್ ಥಿಯೇಟರಿನಿಂದ ಫೋನ್ ಬರುತ್ತದೆ. ಐಸಿನಲ್ಲಿಟ್ಟ ಗಡ್ಡೆಯನ್ನು ಸಣ್ಣಗೆ ಕತ್ತರಿಸಿ ಎನ್‌ಎಸ್‌ಜಿ ಇಲಿಯೊಳಗೆ ಕೂರಿಸುತ್ತೇವೆ. ಇದಕ್ಕೆ ರೋಗನಿರೋಧಕ ಟಿ, ಬಿ, ಎನ್‌ಕೆ ಕೋಶಗಳಾವುವೂ ಇಲ್ಲ. ಪಂಜರ, ಮೇವು, ನೀರು ಎಲ್ಲ ಕ್ರಿಮಿಶುದ್ಧವಾಗಿರಬೇಕು. ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಎಷ್ಟೋ ಗಡ್ಡೆ ಹಿಡಿಯುವುದೇ ಇಲ್ಲ, ಹಾರ್ಮೋನಿನಿಂದ ಬೆಳೆಯುವ ಸ್ತನದ ಗಡ್ಡೆಗಳಂತೂ ಬಲು ಮೊಂಡು. ಕೆಲವೊಮ್ಮೆ ಹಿಡಿಯಿತೆಂದು ಹಿಗ್ಗಿ ಸೂಕ್ಷ್ಮದರ್ಶಕದಡಿ ನೋಡಿದರೆ ಅದು ಲಿಂಫೋಮಾ: ತುಣುಕಿನೊಳಗೆ ಸುಮ್ಮನಿದ್ದ ವೈರಸ್ ಸೋಂಕಿನ ಬಿ ಕೋಶ, ತಡೆಯುವವರಿಲ್ಲದೆ ಬೆಳೆದದ್ದು. ರೋಗಿಗೆ ಯಾವ ಔಷಧ ಹೊಂದುತ್ತದೆಂದು ಇಲಿ ಹೇಳುವಷ್ಟರಲ್ಲಿ ಹಲವು ರೋಗಿಗಳು ತೀರಿಕೊಂಡಿರುತ್ತಾರೆ. ಆ ಉತ್ತರದ ಪ್ರಯೋಜನ ಅವರಂಥ ಮುಂದಿನವರಿಗೆ. ಮನೆಯವರೊಡನೆ ಮಾತಾಡುವಾಗ ಇದನ್ನು ಮೊದಲೇ ಹೇಳಿಬಿಡುವುದು ಮೇಲು.

ಬದಲಾಗದ್ದು ಗಡ್ಡೆಯ ಗಾತ್ರ ಅಳೆಯುವ ಕ್ಯಾಲಿಪರ್. ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ ಅರ್ಧ ಮಾಡು ಎಂದು ಆಗ ನನಗೆ ಹೇಳಿಕೊಟ್ಟದ್ದನ್ನೇ ಈಗಿನ ಹುಡುಗರಿಗೆ ಹೇಳುತ್ತೇನೆ.

ಹೊಸ ಇಲಿ ರೋಗಿಗೆ ಹತ್ತಿರ, ನಿಜ. ಆದರೆ ಇಲಿಯಿಂದ ಇಲಿಗೆ ದಾಟಿದಂತೆ ಗಡ್ಡೆಯ ಸುತ್ತಲಿನ ಮನುಷ್ಯರ ಆಧಾರ ಅಂಗಾಂಶ ಹೋಗಿ ಇಲಿಯದೇ ಬಂದು ಕೂರುತ್ತದೆ. ರೋಗನಿರೋಧಕ ಶಕ್ತಿಯನ್ನೇ ಕೆರಳಿಸುವ ಈಗಿನ ಔಷಧಗಳಿಗೆ, ಆ ಶಕ್ತಿಯೇ ಇಲ್ಲದ ಇಲಿ ಏನು ಉತ್ತರ ಹೇಳೀತು? ಅದಕ್ಕೆ ಮನುಷ್ಯರ ರಕ್ತದ ಮೂಲಕೋಶಗಳನ್ನೂ ಏರಿಸಿದ ಇಲಿಗಳು ಬಂದಿವೆ. ಅಂಥದೊಂದರ ಬೆಲೆಗೆ ಆಗ ಪಂಜರಗಟ್ಟಲೆ ಬೋಳು ಇಲಿ ತರಿಸುತ್ತಿದ್ದೆವು.