ಅಲಂಕಾರದ ಲೆಕ್ಕ

ಹೆಣ್ಣಿನ ಅಲಂಕಾರವನ್ನು ಹೊಗಳದ ಕವಿಯಿಲ್ಲ. ಅದರ ಖರ್ಚನ್ನು ತೆಗಳದ ಗೃಹಸ್ಥನೂ ಇಲ್ಲ. ಅನೇಕ ವೇಳೆ ಇವರಿಬ್ಬರೂ ಒಬ್ಬನೇ ಆಗಿರುವುದುಂಟು. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರೆಲ್ಲ, ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯನ್ನು ತಲೆಯೆತ್ತಿ ನೋಡಿ ಮೆಚ್ಚುತ್ತಾರೆ. ನೂರಾರು ವರ್ಷಗಳಿಂದ ಆಕೆ ಕನ್ನಡಿಯ ಮುಂದೆಯೇ ಇದ್ದಾಳೆ, “ಇನ್ನೂ ಎಷ್ಟು ಹೊತ್ತಮ್ಮಾ ನಿನ್ನ ಸಿಂಗಾರ?” ಎಂದು ಯಾರೂ ಗದರಿಸಿಲ್ಲ. ಕಲ್ಲಿನ ಹೆಣ್ಣಿಗೆ ದೊರೆತಿರುವ ಈ ರಿಯಾಯಿತಿ ರಕ್ತಮಾಂಸದ ಹೆಣ್ಣಿಗೆ ಇನ್ನೂ ದೊರೆತಿಲ್ಲ.

ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ‘ಸ್ತ್ರೀಯರ ಅಲಂಕಾರದ ವೆಚ್ಚವು ದುಂದುವೆಚ್ಚ’ ಎಂಬ ವಿಷಯವನ್ನು ಇಟ್ಟಿದ್ದರು. ಪರವಾಗಿ ಮಾತನಾಡಿದ ಸಹಪಾಠಿ ಬಂಧುಗಳ ವಾಗ್ಝರಿ ಬಹಳ ಚೆನ್ನಾಗಿತ್ತು. ಕೊರತೆಯಿದ್ದದ್ದು ಅಂಕಿಅಂಶಗಳಿಗೆ ಮಾತ್ರ. ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾದ ನಾನು ಆ ಕೊರತೆಯನ್ನು ನೀಗಿಸೋಣವೆಂದು ಒಂದು ತಿಂಗಳು ನನ್ನದೇ ಖರ್ಚನ್ನು ಬರೆದಿಟ್ಟೆ. ಸೋಪಿಗೆ 80 ರೂಪಾಯಿ, ಶಾಂಪೂ ಪೊಟ್ಟಣಗಳಿಗೆ 16, ಕೊಬ್ಬರಿ ಎಣ್ಣೆಗೆ 50, ಪ್ಯಾಡಿಗೆ 90, ಪೌಡರಿಗೆ 40, ಕಾಡಿಗೆ ಮತ್ತು ಬಿಂದಿಗೆ 45, ಹುಬ್ಬು ತೀಡಿಸಿದ್ದಕ್ಕೆ 40, ಹೂವಿಗೆ 60. ಒಟ್ಟು 421 ರೂಪಾಯಿ. ಇದರಲ್ಲಿ ಮೊದಲ ನಾಲ್ಕು ಬಾಬುಗಳನ್ನು ಅಲಂಕಾರವೆನ್ನುವವನು ಸ್ನಾನವನ್ನೂ ಐಷಾರಾಮವೆಂದಾನು. ಅವನ್ನು ಕಳೆದರೆ ಉಳಿದದ್ದು 185 ರೂಪಾಯಿ. ನನ್ನ ತಮ್ಮ ಗೆಳೆಯರೊಡನೆ “ಸುಮ್ಮನೆ ಒಂದು ಸುತ್ತು” ಹೋಗಿಬರಲು ಬೈಕಿಗೆ ಹಾಕಿಸುವ ಪೆಟ್ರೋಲಿನ ಬೆಲೆ ಇದಕ್ಕಿಂತ ಹೆಚ್ಚು. ಆದರೆ ಪೆಟ್ರೋಲಿನ ಮೇಲೆ ಯಾರೂ ಚರ್ಚಾಕೂಟ ಏರ್ಪಡಿಸುವುದಿಲ್ಲ!

ಹೆಂಗಸರಿಗೆ ಖರ್ಚು ಹೆಚ್ಚಾಗುವುದು ಅವರ ಆಸೆಯಿಂದ ಮಾತ್ರವಲ್ಲ. ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರಗಳ ಇಲಾಖೆಯು 2015ರಲ್ಲಿ ಒಂದೇ ಬಗೆಯ ವಸ್ತುಗಳ ಬೆಲೆಯನ್ನು ಹೋಲಿಸಿ ನೋಡಿತು. ಹೆಂಗಸರಿಗೆಂದು ಮಾರುವ ಸೋಪು, ಶಾಂಪೂ ಮುಂತಾದ ವಸ್ತುಗಳ ಬೆಲೆ ಗಂಡಸರವುಗಳಿಗಿಂತ ಸರಾಸರಿ ಶೇಕಡಾ 13ರಷ್ಟು ಹೆಚ್ಚಿತ್ತು. ನಮ್ಮ ಸರ್ಕಾರದ ಲೆಕ್ಕವೂ ವಿನೋದಕರವೇ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಕುಂಕುಮ, ಬಿಂದಿ, ಗಾಜಿನ ಬಳೆಗಳಿಗೆ ತೆರಿಗೆ ಇರಲಿಲ್ಲ. ಪ್ಯಾಡಿಗೆ ಮಾತ್ರ ಶೇಕಡಾ 12 ತೆರಿಗೆ ಬಿತ್ತು. ಹೆಣ್ಣು ಚೆನ್ನಾಗಿ ಕಾಣುವುದು ಅಗತ್ಯ, ಆರೋಗ್ಯವಾಗಿರುವುದು ಆಮೇಲೆ ಎಂದಂತಾಯಿತು. ದೇಶದಲ್ಲೆಲ್ಲ ಆಕ್ಷೇಪಣೆ ಎದ್ದಮೇಲೆ, 2018ರ ಜುಲೈನಲ್ಲಿ ಆ ತೆರಿಗೆ ರದ್ದಾಯಿತು. ಸೋಪು, ಶಾಂಪೂ, ಕೇಶತೈಲ, ಪೌಡರುಗಳ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಲು 2025ರ ಸೆಪ್ಟೆಂಬರ್ ಬರಬೇಕಾಯಿತು.

ಇನ್ನು ವ್ಯಾಪಾರಿಗಳ ಜಾಣ್ಮೆಯನ್ನು ನೋಡಿ. 1952ರಲ್ಲಿ ಟಾಟಾ ಸಂಸ್ಥೆಯವರು ಪ್ರಾರಂಭಿಸಿದ ಪ್ರಸಾಧನ ಸಾಮಗ್ರಿಗೆ ‘ಲ್ಯಾಕ್ಮೆ’ ಎಂದು ಹೆಸರಿಟ್ಟರು. ಅದು ಒಂದು ಫ್ರೆಂಚ್ ಸಂಗೀತನಾಟಕದ ಹೆಸರು. ಮೂಲದಲ್ಲಿ ನಮ್ಮ ಲಕ್ಷ್ಮಿಯೇ. ಲಕ್ಷ್ಮಿಯ ಹೆಸರು ಹೇಳಿ ಲಕ್ಷ್ಮಿಯನ್ನು ಕೈಚೀಲದಿಂದ ಹೊರಡಿಸುವ ಈ ಉಪಾಯಕ್ಕೆ ನಗಬಹುದು. ಆದರೆ ನಗಲಾಗದ ವ್ಯಾಪಾರವೊಂದಿದೆ. ಅದು ಬಿಳುಪಿನ ವ್ಯಾಪಾರ. 1975ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಡಬ್ಬಿಯ ಮೇಲಿನ ಮಾತು ಬದಲಾಯಿತು. ಹೆಣ್ಣು ನೋಡಲು ಬರುವವರ ಮಾತು ಬದಲಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನನ್ನು ನೋಡಿಹೋದವರು, “ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಕೈ ಕಡಿಮೆ” ಎಂದು ಹೇಳಿ ಕಳುಹಿಸಿದರು. ಮುಂದಿನ ಸಂತೆಯಲ್ಲಿ ಅವ್ವ ಹೆಸರು ದೆಸೆಯಿಲ್ಲದ ಒಂದು ಮುಲಾಮನ್ನು ಕೊಂಡುತಂದಳು. ಅದರ ಬೆಲೆ ಒಂದು ದಿನ ಕಳೆ ತೆಗೆದ ಕೂಲಿ. ಅಕ್ಕ ರಾತ್ರಿ ಅದನ್ನು ಹಚ್ಚಿಕೊಂಡು ಮಲಗುವಳು. ಬೆಳಗ್ಗೆ ಎದ್ದು ಅವ್ವನೊಡನೆ ಅದೇ ಬಿಸಿಲಿಗೆ ಕಳೆ ತೆಗೆಯಲು ಹೋಗುವಳು. ಬಿಸಿಲು ದುಡಿಸಿ ಕೊಟ್ಟ ಹಣದಿಂದ ಬಿಸಿಲಿನ ಗುರುತನ್ನು ಅಳಿಸಿಕೊಳ್ಳಬೇಕಾದ ಈ ಖರ್ಚನ್ನು ಯಾರ ಹೆಸರಿನಲ್ಲಿ ಬರೆಯಬೇಕು? ಅಕ್ಕನ ಹೆಸರಿನಲ್ಲಿಯೋ, “ಒಂದು ಕೈ ಕಡಿಮೆ” ಎಂದವರ ಹೆಸರಿನಲ್ಲಿಯೋ?

ನಮ್ಮ ಓಣಿಯ ಇನ್ನೊಬ್ಬಾಕೆ ಪಟ್ಟಣದ ಬಟ್ಟೆಯಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದಾಳೆ. ತುಟಿಗೆ ಬಣ್ಣ, ಮುಖಕ್ಕೆ ಪೌಡರು ಇಲ್ಲದೆ ಗಿರಾಕಿಗಳ ಮುಂದೆ ನಿಲ್ಲುವಂತಿಲ್ಲವೆಂದು ಅಲ್ಲಿನ ಕಟ್ಟಪ್ಪಣೆ. ಸಮವಸ್ತ್ರದ ಸೀರೆ ಅಂಗಡಿಯವರದು. ಬಣ್ಣ ಇವಳ ಸಂಬಳದ್ದು. ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ ನಗುತ್ತಲೇ ಹೇಳಿದಳು: “ಕಾರಹುಣ್ಣಿಮಿಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚೋ ಖರ್ಚು ರೈತಂದು. ಇಲ್ಲಿ ಎತ್ತೇ ಬಣ್ಣ ಕೊಂಡು ತರಬೇಕು ನೋಡವ್ವ.” ನಮ್ಮ ಪಠ್ಯಪುಸ್ತಕಗಳಲ್ಲಿ ಉತ್ಪಾದನಾ ವೆಚ್ಚದ ಬಗೆಗೆ ಅನೇಕ ಪುಟಗಳಿವೆ. ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಅಲ್ಲೆಲ್ಲೂ ಓದಿಲ್ಲ.

ಹಾಗೆಂದು ಅಲಂಕಾರವೆಲ್ಲ ಬಲವಂತವೆಂದು ನಾನು ವಾದಿಸುವುದಿಲ್ಲ. ಶುಕ್ರವಾರ ಸಂಜೆ ಅವ್ವ ಕೂಲಿಯಿಂದ ಬರುವಾಗ ಒಂದು ಮೊಳ ಹಡಗಲಿ ಮಲ್ಲಿಗೆ ತರುತ್ತಾಳೆ. ಅರ್ಧ ದೇವರಿಗೆ, ಅರ್ಧ ತನ್ನ ತುರುಬಿಗೆ. ಆ ಹೊತ್ತಿಗೆ ಅವಳನ್ನು ನೋಡಲು ಯಾರೂ ಬರುವುದಿಲ್ಲ. ರೊಟ್ಟಿ ಬಡಿಯುವಾಗ ಒಲೆಯ ಬೆಳಕಿಗೆ ಅವಳ ಮುಖ ಮಾತ್ರ ಹಗುರಾಗಿ ಕಾಣುತ್ತದೆ. ಆ ಹಣವಾದರೂ ಎಲ್ಲಿಗೆ ಹೋಗುತ್ತದೆ? ಮೊಗ್ಗು ಬಿಡಿಸಿದವಳಿಗೆ, ಮಾಲೆ ಕಟ್ಟಿದವಳಿಗೆ, ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯಿಟ್ಟು ಕುಳಿತವಳಿಗೆ. ನಾನು ಹುಬ್ಬು ತೀಡಿಸಲು ಕೊಟ್ಟ 40 ರೂಪಾಯಿಯೂ ಅಷ್ಟೆ. ಮನೆಯ ಮುಂದಿನ ಕೋಣೆಯಲ್ಲಿ ಕನ್ನಡಿಯಿಟ್ಟು ಎರಡು ಮಕ್ಕಳನ್ನು ಓದಿಸುತ್ತಿರುವ ಒಬ್ಬ ತಾಯಿಗೆ ಸೇರಿತು. ಒಬ್ಬ ಹೆಣ್ಣಿನ ಅಲಂಕಾರ ಇನ್ನೊಬ್ಬ ಹೆಣ್ಣಿನ ಅನ್ನವಾಗುವುದನ್ನು ದುಂದೆಂದು ಹೇಗೆ ಕರೆಯೋಣ?

ಆದ್ದರಿಂದ ನನ್ನ ಮನವಿ ಇಷ್ಟೆ. ಹೆಂಗಸರ ಖರ್ಚಿನ ಲೆಕ್ಕವನ್ನು ಅಗತ್ಯವಾಗಿ ಬರೆಯೋಣ. ಆದರೆ ಎರಡು ಕಲಮುಗಳಲ್ಲಿ ಬರೆಯೋಣ. ಒಂದರಲ್ಲಿ ಸಂತೋಷಕ್ಕಾಗಿ ಮಾಡಿದ ಖರ್ಚು, ಇನ್ನೊಂದರಲ್ಲಿ ಭಯಕ್ಕಾಗಿ ಮಾಡಿದ ಖರ್ಚು. ಮಲ್ಲಿಗೆ ಮೊದಲನೆಯದಕ್ಕೆ ಸೇರಲಿ, ಬಿಳುಪಿನ ಮುಲಾಮು ಎರಡನೆಯದಕ್ಕೆ. ಮೊದಲನೆಯ ಕಲಮಿನ ಬಗ್ಗೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಎರಡನೆಯದನ್ನು ಕಡಿಮೆ ಮಾಡುವುದು ಹೆಂಗಸರ ಕೈಯಲ್ಲಿ ಮಾತ್ರ ಇಲ್ಲ. ನಾಳೆ ಹೆಣ್ಣು ನೋಡಲು ಹೋಗುವವರು, ಅಂಗಡಿಯಿಟ್ಟು ಹುಡುಗಿಯರನ್ನು ಕೆಲಸಕ್ಕೆ ಸೇರಿಸಿಕೊಳ್ಳುವವರು, ಇಂದು ನಮ್ಮೊಡನೆ ಇದೇ ಬೆಂಚುಗಳ ಮೇಲೆ ಕುಳಿತಿದ್ದಾರೆ. ಉಳಿತಾಯದ ಮೇಲೆ ಅವರಿಗೆ ನಿಜವಾಗಿಯೂ ಅಕ್ಕರೆಯಿದ್ದರೆ, ಅಲ್ಲಿಂದಲೇ ಪ್ರಾರಂಭಿಸಲಿ.